ಬಾಯಿಗೆ ಹೊಂದುವ ಮೌತ್‌ಪೀಸ್ ಕೊಡಿ: ನೇತ್ರಾಣಿ ಡೈವರ್‌ಗಳ ಹಕ್ಕೊತ್ತಾಯ ಪತ್ರ

ಕರಾವಳಿಯ ಸ್ಕೂಬಾ ಸಂಸ್ಥೆಗಳ ಮಾಲೀಕರಿಗೆ, ಪ್ರವಾಸೋದ್ಯಮ ಇಲಾಖೆಗೆ ಮತ್ತು ಉತ್ತರ ಕನ್ನಡ ಜಿಲ್ಲಾಡಳಿತಕ್ಕೆ

ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಬಂಡೆಗಳ ಬಳಿ ನೀರಿಗಿಳಿಯುವ ಡೈವ್ ಮಾಸ್ಟರ್‌ಗಳು, ತರಬೇತುದಾರರು, ಕಲಿಯಲು ಬಂದವರು ನಾವು. ನೀರಿನಡಿ ನಮಗೆ ಉಸಿರು ಕೊಡುವ ರೆಗ್ಯುಲೇಟರನ್ನು ಹಿಡಿದಿಡುವುದು ಹಲ್ಲು. ಅದರ ಬಾಯಿಗಿಡುವ ಭಾಗವಾದ ಮೌತ್‌ಪೀಸಿನ ಎರಡು ಗಿಡ್ಡ ಸಿಲಿಕೋನ್ ಪಟ್ಟಿಗಳನ್ನು ಕೋರೆಹಲ್ಲು ಮತ್ತು ಅದರ ಪಕ್ಕದ ಹಲ್ಲುಗಳ ನಡುವೆ ಕಚ್ಚಿಕೊಂಡಾಗ ಕೆಳದವಡೆ ಮುಂದಕ್ಕೆ ಚಾಚಿಕೊಳ್ಳುತ್ತದೆ. ಹಿಂದಿನ ದವಡೆಹಲ್ಲುಗಳಿಗೆ ಆಸರೆಯೇ ಇರುವುದಿಲ್ಲ. ಹೊರೆಯೆಲ್ಲ ಕಿವಿಯ ಮುಂದಿರುವ ದವಡೆ ಕೀಲಿಗೂ ಕೆನ್ನೆಯ ಸ್ನಾಯುಗಳಿಗೂ ಬೀಳುತ್ತದೆ. ಮೇಲೆ ಬಂದಾಗ ಕಣತಲೆ ಸಿಡಿತ, ಬಾಯಿ ತೆರೆದರೆ ಕೀಲಿನಲ್ಲಿ ಟಕ್ ಎಂಬ ಸದ್ದು, ರಾತ್ರಿ ಊಟಕ್ಕೆ ಮೆತ್ತನೆಯ ಗಂಜಿಯೇ ಗತಿ. ತಣ್ಣೀರಿನಲ್ಲಿ ತುಟಿ ಮರಗಟ್ಟಿ ಹಿಡಿತ ಇನ್ನೂ ಬಿಗಿಯಾಗುತ್ತದೆ ಎನ್ನುತ್ತಾರೆ. ನಮ್ಮ ಅರಬ್ಬೀ ಸಮುದ್ರ ಬೆಚ್ಚಗಿದೆ. ಇಲ್ಲಿನ ನೋವಿಗೆ ಚಳಿಯನ್ನು ದೂರುವಂತಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು:

1. ಮಾಸ್ಕ್ ಮುಖಕ್ಕೆ ಕೂರದಿದ್ದರೆ ಬೇರೆ ಕೊಡುತ್ತೀರಿ, ಫಿನ್ ಬಿಗಿಯಾದರೆ ದೊಡ್ಡದು ಹುಡುಕುತ್ತೀರಿ. ಮೌತ್‌ಪೀಸ್ ಮಾತ್ರ ಎಲ್ಲ ಬಾಯಿಗೂ ಒಂದೇ. ಹದಿಹರೆಯದ ಹುಡುಗಿಗೂ ಆರಡಿ ಎತ್ತರದ ಗಂಡಸಿಗೂ ಅದೇ ಅಗಲ, ಅದೇ ದಪ್ಪ. ಪ್ರತಿ ಕೇಂದ್ರದಲ್ಲೂ ಸಣ್ಣ, ಮಧ್ಯಮ, ದೊಡ್ಡ ಅಳತೆಯವೂ ಹಿಂದಿನ ಹಲ್ಲುಗಳವರೆಗೆ ಚಾಚುವ ಉದ್ದ ಪಟ್ಟಿಯವೂ ಇರಬೇಕು. ಹೊರೆ ಹೆಚ್ಚು ಹಲ್ಲುಗಳಿಗೆ ಹಂಚಿಹೋದಷ್ಟೂ ಕೀಲಿಗೆ ಬಿಡುವು. ದೋಣಿ ಹತ್ತುವ ಮೊದಲೇ ಬಾಯಿಗಿಟ್ಟು ನೋಡಲು ಸಮಯ ಕೊಡಬೇಕು.

2. ಕಾಯಂ ಸಿಬ್ಬಂದಿಗೆ, ಬಿಸಿನೀರಿನಲ್ಲಿ ಮೆದುವಾಗಿಸಿ ಅವರವರ ಹಲ್ಲುಗಳಿಗೆ ತಕ್ಕಂತೆ ಅಚ್ಚಾಗಿಸುವ ಸ್ವಂತ ಮೌತ್‌ಪೀಸನ್ನು ಸಂಸ್ಥೆಯ ಖರ್ಚಿನಲ್ಲೇ ಕೊಡಬೇಕು. ಒಬ್ಬರ ಬಾಯಿಯದನ್ನು ಇನ್ನೊಬ್ಬರ ಬಾಯಿಗೆ ಕೊಡುವುದೂ ಆಗ ತಪ್ಪುತ್ತದೆ.

3. ಪಟ್ಟಿ ಹರಿದ, ಕಚ್ಚಿ ತೂತಾದ ಮೌತ್‌ಪೀಸನ್ನು ಅಂದೇ ತೆಗೆದುಹಾಕಿ. ಅದನ್ನು ರೆಗ್ಯುಲೇಟರಿಗೆ ಬಿಗಿದಿರುವ ಪ್ಲಾಸ್ಟಿಕ್ ಟೈ ಅನ್ನು ದಿನವೂ ಎಳೆದು ನೋಡಿ. ಟೈ ಸಡಿಲವಾದರೆ ಮೌತ್‌ಪೀಸ್ ಬಾಯಲ್ಲೇ ಉಳಿದು ರೆಗ್ಯುಲೇಟರ್ ಕಳಚಿ ಹೋಗಬಹುದು. ಹನ್ನೆರಡು ಮೀಟರ್ ಆಳದಲ್ಲಿ, ಮೊದಲ ಸಲ ಇಳಿದವರಿಗೆ ಹೀಗಾಗುವುದನ್ನು ಯೋಚಿಸಿ.

4. ರೆಗ್ಯುಲೇಟರಿಗೆ ಗಾಳಿ ತರುವ ಹೋಸ್ ಗಿಡ್ಡದಾದರೆ ತಲೆ ತಿರುಗಿಸಿದಾಗಲೆಲ್ಲ ದವಡೆಯನ್ನು ಒಂದೇ ಕಡೆ ಎಳೆಯುತ್ತದೆ. ಸಾಕಷ್ಟು ಉದ್ದದ ಹೋಸ್, ತಿರುಗುವ ಜೋಡಣೆ, ಹಗುರ ರೆಗ್ಯುಲೇಟರ್ ಬೇಕು.

5. ಆರೋಗ್ಯ ವಿಚಾರಿಸುವಾಗ ದವಡೆಯ ಬಗ್ಗೆಯೂ ಕೇಳಿ: ಬಾಯಿ ಪೂರ್ತಿ ತೆರೆಯಲು ಕಷ್ಟವಾಗುತ್ತದೆಯೇ, ಕೀಲು ಸಿಕ್ಕಿಕೊಳ್ಳುತ್ತದೆಯೇ, ಇತ್ತೀಚೆಗೆ ಹಲ್ಲು ಕೀಳಿಸಿದ್ದಾರೆಯೇ. ಹೌದೆಂದವರನ್ನು ದಂತವೈದ್ಯರ ಸಲಹೆಯಿಲ್ಲದೆ ಇಳಿಸಬೇಡಿ. ಕಟ್ಟಿದ ಹಣ ವಾಪಸು ಕೊಡಿ, ಇಲ್ಲವಾದರೆ ಯಾರೂ ನಿಜ ಹೇಳುವುದಿಲ್ಲ.

6. ಬಿಗಿಯಾಗಿ ಕಚ್ಚಬೇಡಿ, ತುಟಿಯಿಂದ ಮುಚ್ಚಿ ಹಗುರವಾಗಿ ಹಿಡಿಯಿರಿ ಎಂಬುದನ್ನು ದಡದಲ್ಲೇ ಕಲಿಸಿ. ಹೆದರಿದವರು ಹಲ್ಲು ಕಚ್ಚುವುದು ಸಹಜ. ಭಯ ಅಭ್ಯಾಸದಿಂದ ಇಳಿಯುತ್ತದೆ. ಅಳತೆ ತಪ್ಪಿದ ಮೌತ್‌ಪೀಸ್ ಎಷ್ಟು ಅಭ್ಯಾಸ ಮಾಡಿದರೂ ಅಳತೆಗೆ ಬರುವುದಿಲ್ಲ. "ರೂಢಿಯಾಗುತ್ತದೆ ಬಿಡಿ" ಎಂಬ ಉತ್ತರವನ್ನು ನಾವು ಇನ್ನು ಒಪ್ಪುವುದಿಲ್ಲ.

7. ದವಡೆ ನೋವೆಂದ ಸಿಬ್ಬಂದಿಗೆ ಸಂಬಳ ಸಹಿತ ರಜೆ ಕೊಡಬೇಕು. ಕೀಲು ಕಿವಿಗೆ ಅಂಟಿಕೊಂಡೇ ಇರುವುದರಿಂದ ಈ ನೋವನ್ನು ಕಿವಿನೋವೆಂದು ತಿಳಿದು ಕಿವಿಗೆ ಹನಿ ಬಿಟ್ಟುಕೊಂಡು ಮತ್ತೆ ಇಳಿಯುವವರಿದ್ದಾರೆ. ಇನ್ನೊಂದು ಕಡೆ, ಒತ್ತಡದಿಂದ ಕಿವಿಗೇ ಆದ ಪೆಟ್ಟನ್ನು ದವಡೆಯದೆಂದು ಕಡೆಗಣಿಸುವ ಅಪಾಯವೂ ಅಷ್ಟೇ ಇದೆ. ಎರಡನ್ನೂ ಬೇರ್ಪಡಿಸಿ ಹೇಳಬೇಕಾದವರು ವೈದ್ಯರು. ದೋಣಿಯಲ್ಲಿದ್ದವರು ಊಹಿಸಿ ತೀರ್ಮಾನಿಸಬಾರದು.

8. ಮಣಿಪಾಲ, ಮಂಗಳೂರುಗಳ ದಂತ ವೈದ್ಯಕೀಯ ಕಾಲೇಜುಗಳು ನಮಗೆ ದೂರವೇನಲ್ಲ. ಅವುಗಳ ನೆರವಿನಿಂದ ವರ್ಷಕ್ಕೊಮ್ಮೆ ಮುರುಡೇಶ್ವರದಲ್ಲಿ ತಪಾಸಣೆ ಶಿಬಿರವನ್ನು ಇಲಾಖೆ ನಡೆಸಲಿ. ಬಾಯಿ ಎಷ್ಟು ಮಿಲಿಮೀಟರ್ ತೆರೆಯುತ್ತದೆ ಎಂಬುದನ್ನು ಪ್ರತಿಯೊಬ್ಬ ಸಿಬ್ಬಂದಿಯ ಹೆಸರಿನಲ್ಲಿ ಬರೆದಿಡಲಿ. ಮುಂದಿನ ವರ್ಷ ಅದು ಕಡಿಮೆಯಾದರೆ ತಡಮಾಡದೆ ಚಿಕಿತ್ಸೆ ಕೊಡಿಸಬಹುದು.

9. ಒಂದರಿಂದ ನಾಲ್ಕರವರೆಗಿನ ಬೇಡಿಕೆಗಳನ್ನು ಸ್ಕೂಬಾ ಪರವಾನಗಿಯ ಷರತ್ತಿಗೆ ಸೇರಿಸಿ. ಮಳೆಗಾಲದಲ್ಲಿ ಡೈವಿಂಗ್ ನಿಂತಿರುವಾಗಲೇ ಸಲಕರಣೆ ತರಿಸಿಕೊಳ್ಳಲು ಸಮಯವಿದೆ. ಸೆಪ್ಟೆಂಬರ್ ಮುಗಿಯುವುದರೊಳಗೆ ನಮಗೆ ಲಿಖಿತ ಉತ್ತರ ಬೇಕು.