ಕ್ಯಾಮರಾ ಕೊಳ್ಳುವವರಿಗೊಂದು ಮಾತು

ಫಿಲ್ಮು ಕ್ಯಾಮರಾಗಳ ಕಾಲ ಮುಗಿಯಿತೆಂದು ಎಲ್ಲರೂ ನಂಬಿದ ಮೇಲೆ ಅವಕ್ಕೆ ಪುನಃ ಗಿರಾಕಿ ಹುಟ್ಟಿರುವುದು ಈಚಿನ ವರುಷಗಳ ಒಂದು ವಿಚಿತ್ರವೇ ಸರಿ. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಪೆಟ್ಟಿಗೆಗಳು ಮುಂಬಯಿಯ ಬೋರಾ ಬಜಾರಿನಲ್ಲಿಯೂ ದಿಲ್ಲಿಯ ಚಾಂದನಿ ಚೌಕದ ಓಣಿಗಳಲ್ಲಿಯೂ ಗಾಜಿನ ಕಪಾಟುಗಳನ್ನೇರಿ ಕುಳಿತಿವೆ. ನಮ್ಮ ಹೋಟೆಲು ಕಾರ್ಮಿಕ ಬಂಧುಗಳಲ್ಲಿಯೂ ಗುಮಾಸ್ತ ಮಿತ್ರರಲ್ಲಿಯೂ ಈ ಹವ್ಯಾಸಕ್ಕೆ ಮನಸೋತವರು ಕೆಲವರಿದ್ದಾರೆ. “ಯಾವ ಬಾಡಿ ಕೊಳ್ಳೋಣ?” ಎಂಬುದು ಅವರು ನಮ್ಮನ್ನು ಕೇಳುವ ಪ್ರಶ್ನೆ. ಊರಿಗೆ ಮನಿಯಾರ್ಡರು ಕಳುಹಿಸುತ್ತಿದ್ದ ಕಾಲದಿಂದಲೂ ನಮ್ಮವರ ಸಂಬಳದ ಮೊದಲ ಪಾಲು ಊರಿಗೇ ಸಲ್ಲುತ್ತದೆ. ಉಳಿದುದರಲ್ಲಿ ತಿಂಗಳುಗಟ್ಟಲೆ ಕೂಡಿಟ್ಟು ಒಂದು ವಸ್ತುವನ್ನು ಕೊಳ್ಳುವವನಿಗೆ ಇದು ಬರಿಯ ಶೋಕಿಯ ಪ್ರಶ್ನೆಯಲ್ಲ. ಆದುದರಿಂದಲೇ ಈ ಅಂಕಣದಲ್ಲಿ ಅದಕ್ಕೆ ಸ್ಥಳ ಕೊಟ್ಟಿದ್ದೇವೆ.

ಕೈಯಲ್ಲಿ ಫೋನಿರುವಾಗ ಇದೆಲ್ಲ ಏತಕ್ಕೆಂದು ಕೇಳುವವರಿಗೂ ಉತ್ತರ ಹೇಳಬೇಕಷ್ಟೆ. ತಾಯಿಗೆ ತೋರಿಸಬೇಕಾದ ಚಿತ್ರಕ್ಕೆ ಫೋನು ಧಾರಾಳವಾಗಿ ಸಾಕು. ಅಷ್ಟೇ ಬೇಕಾದವನು ಫಿಲ್ಮು ಕ್ಯಾಮರಾದ ಗೊಡವೆಗೆ ಹೋಗಲೇಬಾರದು. ಆದರೆ ಬೆಳಕನ್ನು ಅಳೆಯುವ ವಿದ್ಯೆಯನ್ನು ಕಲಿಯಬೇಕೆಂಬ ಆಸೆಯುಳ್ಳವನಿಗೆ, ರೋಲಿಗೆ 36 ಚಿತ್ರಗಳೆಂಬ ಕಟ್ಟುಪಾಡಿಗಿಂತ ಒಳ್ಳೆಯ ಉಪಾಧ್ಯಾಯರು ಬೇರಿಲ್ಲವೆಂದು ನಮ್ಮ ಅಭಿಪ್ರಾಯ. ಗುಂಡಿ ಒತ್ತುವುದಕ್ಕೆ ಮೊದಲು ಯೋಚಿಸುವ ಅಭ್ಯಾಸವನ್ನು ಅದು ಕಲಿಸುತ್ತದೆ, ಕಾಸಿನ ಏಟಿನಿಂದ.

ಇನ್ನು ಬಾಡಿಯ ವಿಚಾರ. ಅಂಗಡಿಯವರು ಬಾಯಿಬಿಟ್ಟು ಹೇಳದ ಒಂದು ಸತ್ಯವುಂಟು. ಫಿಲ್ಮು ಕ್ಯಾಮರಾದ ಬಾಡಿಯೆಂದರೆ ಒಂದು ಕತ್ತಲೆಯ ಪೆಟ್ಟಿಗೆ. ಅದರಲ್ಲಿ ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವ ಒಂದು ಪರದೆ, ಫಿಲ್ಮನ್ನು ಮುಂದಕ್ಕೆಳೆಯುವ ಒಂದು ಸನ್ನೆ, ಬೆಳಕನ್ನಳೆಯುವ ಒಂದು ಮುಳ್ಳು. ಚಿತ್ರವನ್ನು ಬರೆಯುವುದು ಲೆನ್ಸು, ಹಿಡಿದಿಡುವುದು ಫಿಲ್ಮು. ಒಂದೇ ಲೆನ್ಸು, ಒಂದೇ ಫಿಲ್ಮು, ಒಂದೇ ಬೆಳಕಿನಲ್ಲಿ ಅಗ್ಗದ ಬಾಡಿಯಿಂದಲೂ ತುಟ್ಟಿಯ ಬಾಡಿಯಿಂದಲೂ ತೆಗೆದ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ, ಯಾವುದು ಯಾವುದರಿಂದ ಬಂದಿತೆಂದು ಗುರುತಿಸುವ ಗಂಡು ಇನ್ನೂ ಹುಟ್ಟಿಲ್ಲ. ಹೀಗಿರುವಾಗ “ಯಾವ ಬಾಡಿ ಒಳ್ಳೆಯ ಚಿತ್ರ ತೆಗೆಯುತ್ತದೆ?” ಎಂಬ ಪ್ರಶ್ನೆಯೇ ತಪ್ಪು. ಯಾವ ಬಾಡಿ ಇನ್ನೂ ಹತ್ತು ವರುಷ ಕೆಲಸ ಮಾಡೀತು, ಕೆಟ್ಟರೆ ಯಾರು ಸರಿಮಾಡುತ್ತಾರೆ, ಅದಕ್ಕೆ ಹೊಂದುವ ಲೆನ್ಸು ಸುಲಭವಾಗಿ ಸಿಕ್ಕುವುದೇ ಎಂದು ಕೇಳಬೇಕು.

ಈ ದೃಷ್ಟಿಯಿಂದ ನೋಡಿದರೆ, ಪೇಟೆಯಲ್ಲಿ ಅತ್ಯಂತ ಹೆಸರಾಗಿರುವ ಮೂರು ಬಾಡಿಗಳ ಗುಣದೋಷಗಳು ತಾವಾಗಿಯೇ ಬೇರ್ಪಡುತ್ತವೆ. ಕ್ಯಾನನ್ ಕಂಪೆನಿಯ ಏಇ-1 ಎಂಬುದು 1976ರಲ್ಲಿ ಬಂದುದು. ವಿದ್ಯುನ್ಮಂಡಲದ ಮಿದುಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಅದು ಅಂದಿನ ಲೋಕವನ್ನು ಬೆರಗುಗೊಳಿಸಿತು. ನೋಡಲು ಚೆಂದ, ಹಿಡಿಯಲು ಹಗುರ. ಶಟರಿನ ವೇಗವನ್ನು ನಾವು ನಿಶ್ಚಯಿಸಿದರೆ ಲೆನ್ಸಿನ ಕಂಡಿಯನ್ನು ತಾನೇ ನಿಶ್ಚಯಿಸುತ್ತದೆ. ಇಂದಿನ ತರುಣರು ಅದರ ಮೇಲೆಯೇ ಮುಗಿಬೀಳುವುದು. ಆದರೆ ಅದರ 6 ವೋಲ್ಟಿನ ಬ್ಯಾಟರಿ ಮುಗಿದ ಕ್ಷಣದಲ್ಲಿ ಶಟರು ಕದಲುವುದೇ ಇಲ್ಲ. ಸುಮಾರು ಐವತ್ತು ವರುಷ ಹಳೆಯದಾದ ಆ ವಿದ್ಯುನ್ಮಂಡಲ ಸುಟ್ಟುಹೋದರೆ ಹೊಸದನ್ನು ಮಾಡಿಕೊಡುವವರಿಲ್ಲ. ಇನ್ನೊಂದು ಸತ್ತ ಕ್ಯಾಮರಾದ ಹೊಟ್ಟೆ ಬಗೆದು ತರಬೇಕು. ಕ್ಯಾನನ್ನಿನವರು 1987ರಲ್ಲಿ ತಮ್ಮ ಲೆನ್ಸಿನ ಜೋಡಣೆಯನ್ನೇ ಬದಲಾಯಿಸಿದ್ದರಿಂದ ಹಿಂದಿನ ಲೆನ್ಸುಗಳು ಆ ಹಳೆಯ ಬಾಡಿಗಳೊಡನೆಯೇ ಉಳಿದುಕೊಂಡುವು. ಅವು ಕೊಂಚ ಅಗ್ಗವಾಗಿ ಸಿಕ್ಕುವುದು ಮಾತ್ರ ಒಂದು ಲಾಭ.

ಪೆಂಟಾಕ್ಸ್ ಕೆ-1000 ಸಹ 1976ರ ಕೂಸೇ. ಆದರೆ ಸ್ವಭಾವ ಪೂರ್ತಿ ಬೇರೆ. ಸೆಕೆಂಡಿನಿಂದ ಹಿಡಿದು ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗಿನ ಶಟರು, ಬೆಳಕಿನ ಮುಳ್ಳು. ಇಷ್ಟೇ ಅದರ ಐಶ್ವರ್ಯ. ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳಲು ಬೇಕಾದ ಟೈಮರು ಕೂಡ ಅದಕ್ಕಿಲ್ಲ. ಒಳಗಿರುವುದೆಲ್ಲ ಹಲ್ಲುಚಕ್ರ, ಸ್ಪ್ರಿಂಗು, ಬಟ್ಟೆಯ ಪರದೆ. ಗುಂಡಿಯಂತಹ ಒಂದು ಸಣ್ಣ ಬ್ಯಾಟರಿ ಇರುವುದು ಮುಳ್ಳಿಗಾಗಿ ಮಾತ್ರ. ಅದು ಸತ್ತರೂ ಕ್ಯಾಮರಾ ಸಾಯುವುದಿಲ್ಲ. ಇಂತಹ ಬಡ ಯಂತ್ರವು 1997ರವರೆಗೆ ತಯಾರಾಗುತ್ತಲೇ ಇದ್ದಿತು. ಅಮೆರಿಕದ ಛಾಯಾಗ್ರಹಣ ಶಾಲೆಗಳಲ್ಲಿ ವಿದ್ಯಾರ್ಥಿಗಳ ಕೈಗೆ ಇದನ್ನೇ ಕೊಡುತ್ತಿದ್ದರು. ಮೊದಲು ಜಪಾನಿನಲ್ಲಿ ತಯಾರಾದುವು ಹೆಚ್ಚು ಗಟ್ಟಿ. ಕೊನೆಯಲ್ಲಿ ಚೀನದಲ್ಲಿ ತಯಾರಾದುವುಗಳಲ್ಲಿ ಪ್ಲಾಸ್ಟಿಕ್ಕು ಸೇರಿಕೊಂಡಿತು. ಬಾಡಿಯ ಮೇಲೆ ಬರೆದಿರುವ ದೇಶದ ಹೆಸರನ್ನು ಓದಿಕೊಳ್ಳುವುದು ಲೇಸು.

ನಿಕಾನ್ ಎಫ್‌ಎಂ-2 ಎಂಬುದು ಮೂರನೆಯದು, 1982ರದು. ಇದೂ ಯಾಂತ್ರಿಕವೇ. ಶಟರು ಸೆಕೆಂಡಿನ ನಾಲ್ಕು ಸಾವಿರದಲ್ಲೊಂದು ಭಾಗದವರೆಗೆ ಓಡುತ್ತದೆ. ನಿಕಾನಿನ ಲೆನ್ಸಿನ ಜೋಡಣೆ 1959ರಿಂದ ಮೂಲತಃ ಒಂದೇ ಆಗಿ ಉಳಿದುಬಂದುದರಿಂದ ಲೆನ್ಸುಗಳಿಗೆ ಬರವಿಲ್ಲ. ವಸ್ತು ಉತ್ತಮವೆಂಬುದರಲ್ಲಿ ನಮಗೆ ಸಂಶಯವಿಲ್ಲ. ಬೆಲೆಯ ಬಗೆಗೆ ಮಾತ್ರ ಇದೆ. ಹಸುರುಗಣ್ಣಿನ ಆಫ್ಘನ್ ಹುಡುಗಿಯ ಆ ಪ್ರಖ್ಯಾತ ಚಿತ್ರವನ್ನು 1984ರಲ್ಲಿ ಸ್ಟೀವ್ ಮೆಕರಿಯವರು ತೆಗೆದುದು ಇದರಿಂದಲೇ ಎಂಬ ಕಥೆ ಅಂಗಡಿಯವರ ನಾಲಗೆಯ ತುದಿಯಲ್ಲಿರುತ್ತದೆ. ಕಥೆ ನಿಜ. ಆದರೆ ಆ ಹುಡುಗಿ ಬಾಡಿಯೊಡನೆ ಬರುವುದಿಲ್ಲ; ಆ ಕಥೆಗಾಗಿ ಕೊಡುವ ಹೆಚ್ಚಿನ ಹಣದಲ್ಲಿ ಎಷ್ಟೋ ರೋಲುಗಳನ್ನು ಕೊಳ್ಳಬಹುದು.

ನಾವು ಯಾಂತ್ರಿಕ ಬಾಡಿಗಳ ಪಕ್ಷಪಾತಿಗಳೆಂದು ಓದುಗರಿಗೆ ಈಗಾಗಲೇ ತಿಳಿದಿರಬೇಕು. ವರುಷಗಟ್ಟಲೆ ಹೋಟೆಲು ನಡೆಸಿದ ನಾವು, ಕರೆಂಟು ಹೋಗಿ ಗ್ರೈಂಡರು ನಿಂತ ದಿನ ಮೂಲೆಯ ಒರಳುಕಲ್ಲೇ ಮಾನ ಉಳಿಸಿದುದನ್ನು ಕಂಡಿದ್ದೇವೆ. ಹಾಗೆಂದು ಎಲ್ಲರಿಗೂ ಒಂದೇ ಔಷಧವನ್ನು ಕುಡಿಸಲಾಗದು. ಕಚೇರಿಯಿಂದ ಮನೆಗೆ ಹೋಗುವ ಲೋಕಲ್ ರೈಲಿನ ಬಾಗಿಲಲ್ಲಿ ನಿಂತು ಓಡುವ ನೋಟಗಳನ್ನು ಹಿಡಿಯಬಯಸುವ ಗುಮಾಸ್ತನಿಗೆ ಪ್ರತಿ ಸಲವೂ ಮುಳ್ಳನ್ನು ನೋಡಿ ತಿರುಗಿಸುವಷ್ಟು ಪುರುಸೊತ್ತು ಸಿಕ್ಕದು. ಅವನಿಗೆ ನಿಕಾನ್ ಎಫ್‌ಇ-2 ಒಪ್ಪೀತು. ಕಂಡಿಯನ್ನು ಅವನಿಟ್ಟರೆ ವೇಗವನ್ನು ಅದು ನೋಡಿಕೊಳ್ಳುತ್ತದೆ. ಬ್ಯಾಟರಿ ಕೈಕೊಟ್ಟರೂ ಸೆಕೆಂಡಿನ 250ರಲ್ಲೊಂದು ಭಾಗದ ಒಂದೇ ವೇಗದಲ್ಲಿ ಹೇಗೋ ಕೆಲಸ ನಡೆದೀತು. ಅಜ್ಜನ ಕಾಲದ ಜೆನಿಟ್-ಇ ಮನೆಯಲ್ಲಿದ್ದರೆ ಅದನ್ನೇ ತೊಳೆಸಿಕೊಳ್ಳಿರೆಂದು ಹೇಳಬಲ್ಲೆವು. ರಷ್ಯದ ಆ ಕಬ್ಬಿಣದಂತಹ ಕ್ಯಾಮರಾ ಭಾರ, ಕಣ್ಣಿಟ್ಟರೆ ಮಬ್ಬು. ಆದರೆ ಬ್ಯಾಟರಿಯ ಹಂಗೇ ಅದಕ್ಕಿಲ್ಲ.

ಹೆಸರಿಗಿಂತ ಮುಖ್ಯವಾದುದು ಕೈಗೆ ಬಂದ ಆ ಒಂದು ಬಾಡಿಯ ಸ್ಥಿತಿ. ಸೊರಗಿದ ನಿಕಾನಿಗಿಂತ ಆರೋಗ್ಯವಂತ ಪೆಂಟಾಕ್ಸು ಮೇಲು. ನಮಗೆ ಪರಿಚಿತರಾದ ಗುಮಾಸ್ತರೊಬ್ಬರು ಹೊಳಪು ನೋಡಿ ಹಣ ತೆತ್ತು ಬಂದರು. ಅಂಗಡಿಯ ಹೆಸರು ಇಲ್ಲಿ ಬೇಡ. ಹಿಂದಿನ ಬಾಗಿಲನ್ನು ತೆರೆದು ನೋಡಿದ್ದರೆ ಆ ನಷ್ಟ ತಪ್ಪುತ್ತಿತ್ತು. ಬಾಗಿಲಿನ ಅಂಚಿನಲ್ಲಿ ಬೆಳಕು ನುಗ್ಗದಂತೆ ಕರಿಯ ಸ್ಪಂಜನ್ನು ಅಂಟಿಸಿರುತ್ತಾರೆ. ವರುಷಗಳು ಕಳೆದಂತೆ ಅದು ಕರಗಿ, ಹಳೆಯ ಬೆಲ್ಲದ ಪಾಕದಂತೆ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಇದನ್ನು ಸ್ವಲ್ಪ ಖರ್ಚಿನಲ್ಲಿ ಬದಲಾಯಿಸಬಹುದು. ಬೆಲೆ ಇಳಿಸಿಕೊಳ್ಳಲು ಒಳ್ಳೆಯ ನೆಪ. ಬಾಗಿಲು ತೆರೆದಿರುವಾಗಲೇ ಲೆನ್ಸನ್ನು ಬೆಳಕಿಗೆ ಹಿಡಿದು ಶಟರನ್ನು ಎಲ್ಲ ವೇಗಗಳಲ್ಲಿಯೂ ಒತ್ತಿ ನೋಡಬೇಕು. ಒಂದು ಸೆಕೆಂಡೆಂದರೆ ಒಂದು ಸೆಕೆಂಡೇ ಇರಬೇಕು. ತಡವರಿಸಿದರೆ ಒಳಗೆ ಎಣ್ಣೆ ಒಣಗಿದೆಯೆಂದು ಅರ್ಥ. ಅತಿ ವೇಗದಲ್ಲಿ ಬೆಳಕು ಕಾಣದೆಯೇ ಹೋದರೆ ಪರದೆ ತೆರೆಯುತ್ತಿಲ್ಲ. ಏಇ-1ರಲ್ಲಿ ಒತ್ತಿದಾಗ ಕೆಮ್ಮಿದಂತಹ ಸದ್ದು ಕೇಳಿದರೆ ಅದೂ ಎಣ್ಣೆಯ ದಾರಿದ್ರ್ಯವೇ. ಬ್ಯಾಟರಿಯ ಗೂಡಿನಲ್ಲಿ ಹಸುರು ಕಿಲುಬು ಕಂಡರೆ ಎರಡು ಸಲ ಯೋಚಿಸುವುದು.

ಲೆನ್ಸನ್ನು ದೀಪಕ್ಕೆ ಹಿಡಿದಾಗ ಜೇಡರ ಬಲೆಯಂತೆ ಎಳೆಗಳು ಕಾಣಿಸಿದರೆ ಅದು ಬೂಷ್ಟು. ಮುಂಬಯಿಯ ನಾಲ್ಕು ತಿಂಗಳ ಮಳೆಗಾಲದಲ್ಲಿ ಈ ಪೀಡೆ ಹಬ್ಬದ ಮನೆಯಿಲ್ಲ. ಹೋಟೆಲಿನ ಕೋಣೆಯಲ್ಲಿ ಹತ್ತು ಜನರೊಡನೆ ಮಲಗುವ ನಮ್ಮ ಹುಡುಗನು ಕ್ಯಾಮರಾವನ್ನು ಬಟ್ಟೆಯ ಟ್ರಂಕಿನ ತಳದಲ್ಲಿ ತೊಗಲಿನ ಚೀಲದೊಳಗೆ ಮುಚ್ಚಿಟ್ಟರೆ ಎರಡು ಮಳೆಗಾಲ ಸಾಕು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೊಂಡು, ತೇವ ಹೀರುವ ಸಿಲಿಕಾ ಹರಳುಗಳ ಪೊಟ್ಟಣವನ್ನು ಒಳಗೆ ಹಾಕಿ, ಅದರಲ್ಲಿಡಬೇಕು. ಅಡಿಗೆಮನೆಯ ಹಬೆ, ಎಣ್ಣೆಯ ಹೊಗೆ ಎರಡರಿಂದಲೂ ದೂರ. ಸೂಟಿಯ ದಿನ ಹೊರಗೆ ತೆಗೆದು ಹತ್ತಾರು ಬಾರಿ ಶಟರು ಒತ್ತಿದರೆ ಯಂತ್ರವೂ ಸಡಿಲವಾಗಿರುತ್ತದೆ.

ಹಣದ ಲೆಕ್ಕವನ್ನು ಮರೆತು ಬಾಡಿ ಕೊಳ್ಳಬಾರದು. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾದ ಸರಕಾರದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರಖಾನೆ ‘ಇಂದು’ ಎಂಬ ಹೆಸರಿನ ಫಿಲ್ಮನ್ನು ತಯಾರಿಸುತ್ತಿದ್ದಿತು, ಅದು ಮುಚ್ಚಿಹೋಯಿತು. ಈಗ ಬರುವ ಫಿಲ್ಮೆಲ್ಲ ಹಡಗು, ವಿಮಾನಗಳ ಬಾಡಿಗೆ ತೆತ್ತು ಹೊರಗಿನಿಂದ ಬರಬೇಕು. ರೋಲಿನ ಬೆಲೆ, ತೊಳೆಸುವ ಖರ್ಚು ಸೇರಿದರೆ ನೂರರ ಲೆಕ್ಕ ದಾಟಿ ಸಾವಿರದ ಲೆಕ್ಕಕ್ಕೆ ಹೋಗುತ್ತದೆ. ಆದುದರಿಂದ ಕೂಡಿಟ್ಟ ಹಣದ ಅರ್ಧಕ್ಕಿಂತ ಹೆಚ್ಚನ್ನು ಬಾಡಿಗೆ ಕೊಡಬೇಡಿರೆಂದು ನಮ್ಮ ಸ್ಪಷ್ಟ ಸಲಹೆ. ಮಿಕ್ಕುದರಲ್ಲಿ 50 ಮಿಲಿಮೀಟರಿನ ಒಂದು ಶುಭ್ರವಾದ ಲೆನ್ಸು; ಉಳಿದುದೆಲ್ಲ ಫಿಲ್ಮಿಗೆ. ಮೈಸೂರಿನಿಂದ ಮುಂಬಯಿಗೆ ಬಂದ ನಮ್ಮ ವಿ. ಕೆ. ಮೂರ್ತಿಯವರು 1959ರ ‘ಕಾಗಜ್ ಕೇ ಫೂಲ್’ ಚಿತ್ರಕ್ಕಾಗಿ ಬಿಸಿಲನ್ನು ಕನ್ನಡಿಗಳಿಂದ ಸ್ಟುಡಿಯೋದೊಳಕ್ಕೆ ತಿರುಗಿಸಿದರು. ಆ ಬೆಳಕಿನ ಕೋಲನ್ನು ಕಂಡವರು ಅವರ ಕ್ಯಾಮರಾದ ಮೇಲೆ ಯಾವ ಕಂಪೆನಿಯ ಹೆಸರಿತ್ತೆಂದು ಕೇಳುವುದಿಲ್ಲ.

ಇಷ್ಟಾಗಿಯೂ ಒಂದೇ ಹೆಸರು ಹೇಳಿರೆಂದು ಒತ್ತಾಯಿಸಿದರೆ, ಜಪಾನಿನಲ್ಲಿ ತಯಾರಾದ ಕೆ-1000 ಎನ್ನುತ್ತೇವೆ. ಪೂರ್ತಿ ಹಣ ತೆರುವುದಕ್ಕೆ ಮುಂಚೆ, ಒಂದು ರೋಲು ತೆಗೆದು ತೊಳೆಸಿ ನೋಡುವವರೆಗೆ ಒಂದು ವಾರದ ಗಡುವು ಕೇಳಿರಿ. ಮಾತನ್ನು ರಸೀದಿಯ ಮೇಲೆ ಬರೆಸಿಕೊಳ್ಳಿರಿ. ಅಂಗಡಿಯವನು ಒಪ್ಪದಿದ್ದರೆ ಕ್ಯಾಮರಾವನ್ನು ಮೇಜಿನ ಮೇಲಿಟ್ಟು ಹೊರಗೆ ಬನ್ನಿರಿ. ಬೋರಾ ಬಜಾರಿನಲ್ಲಿ ಅಂಗಡಿಗಳು ಬೇಕಾದಷ್ಟಿವೆ.