ಹಾಲಿ, ಕಲ್ದಾರ ಮತ್ತು ಇದ್ಲಿಬ್‌ನ ಲೀರಾ

ಸ್ವಾತಂತ್ರ್ಯ ಬಂದ 1947ರಲ್ಲಿ ಸೇಡಂ, ಅದರ ಬಳಿಯ ಮುಧೋಳ, ಚಿತ್ತಾಪುರ, ಚಿಂಚೋಳಿ ಸೀಮೆಯ ರೈತರು ಕಂದಾಯ ಕಟ್ಟುತ್ತಿದ್ದುದು ಭಾರತದ ರೂಪಾಯಿಯಲ್ಲಲ್ಲ, ಹೈದರಾಬಾದಿನ ನಿಜಾಮ ಸರ್ಕಾರದ ಉಸ್ಮಾನಿಯಾ ಸಿಕ್ಕಾದಲ್ಲಿ. ಜನರ ಬಾಯಲ್ಲಿ ಅದು ಹಾಲಿ ರೂಪಾಯಿ. ನಾಣ್ಯದ ಮೇಲೆ ಚಾರ್‌ಮಿನಾರ್ ಇತ್ತು. 1918ರಿಂದ ಬಂದ ನೋಟಿನ ಮೇಲೆ ಉರ್ದು, ತೆಲುಗು, ಮರಾಠಿಗಳ ಜೊತೆ ಕನ್ನಡವೂ ಇತ್ತು. ಗಡಿಯಾಚೆಯ ಬ್ರಿಟಿಷ್ ರೂಪಾಯಿಗೆ ಕಲ್ದಾರ ಎನ್ನುತ್ತಿದ್ದರು. ನೂರು ಕಲ್ದಾರಕ್ಕೆ ಹಾಲಿಯಲ್ಲಿ 116 ರೂಪಾಯಿ 10 ಆಣೆ 8 ಪೈ.

ಅಕ್ಷರ ಬಾರದವರಿಗೆ ಈ ಲೆಕ್ಕ ಎಷ್ಟು ಕಠಿಣ! ಆದರೂ ತಪ್ಪಿಸುವಂತಿರಲಿಲ್ಲ. ಮುಂಬೈ–ರಾಯಚೂರು ಹಳಿಗೆ ನಿಜಾಮರ ರೈಲು 1874ರಲ್ಲೇ ವಾಡಿಯಲ್ಲಿ ಬಂದು ಕೂಡಿತ್ತು. ಹೊರಗಿನ ಪೇಟೆಗೆ ಹೋದ ಸರಕಿಗೆ ಕಲ್ದಾರ, ಸರ್ಕಾರಕ್ಕೆ ಹಾಲಿ. ನಡುವೆ ಕುಳಿತು ದುಡ್ಡು ಬದಲಿಸಿಕೊಡುವ ಸರಾಫನಿಗೆ ವಟ್ಟ.

1947ರ ನವೆಂಬರ್ 29ರಂದು ಭಾರತದೊಂದಿಗೆ ಯಥಾಸ್ಥಿತಿ ಒಪ್ಪಂದಕ್ಕೆ ನಿಜಾಮರು ಸಹಿ ಹಾಕಿದರು. ಕೆಲವೇ ವಾರಗಳಲ್ಲಿ ಅವರ ಸರ್ಕಾರ ಎರಡು ಸುಗ್ರೀವಾಜ್ಞೆ ಹೊರಡಿಸಿತು. ಒಂದು, ಬೆಳ್ಳಿ ಬಂಗಾರ ಭಾರತಕ್ಕೆ ಹೋಗದಂತೆ ತಡೆಯಿತು. ಇನ್ನೊಂದು, ಭಾರತದ ರೂಪಾಯಿ ಸಂಸ್ಥಾನದಲ್ಲಿ ಸಲ್ಲದು ಎಂದಿತು. ಜೊತೆಗೆ ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ, ಅದೂ ಭಾರತ ಸರ್ಕಾರದ ಸಾಲಪತ್ರಗಳಲ್ಲಿ. ಇತ್ತ ಮುಂಡರಗಿಯಂಥ ಗಡಿ ಶಿಬಿರಗಳಿಂದ ಅಳವಂಡಿ ಶಿವಮೂರ್ತಿಸ್ವಾಮಿಯವರ ಸಂಗಡಿಗರು ನಿಜಾಮರ ಆಳ್ವಿಕೆಯ ವಿರುದ್ಧ ಹೋರಾಟಕ್ಕಿಳಿದಿದ್ದರು. ನಿಜಾಮರ ಪರ ನಿಂತ ರಜಾಕಾರರ ಹಾವಳಿಯ ಆ ದಿನಗಳಲ್ಲಿ ಯಾರ ದುಡ್ಡು ಸಲ್ಲುತ್ತದೆ ಎಂಬುದು ಯಾರ ಆಳ್ವಿಕೆ ಸಲ್ಲುತ್ತದೆ ಎಂಬ ಪ್ರಶ್ನೆಯೇ ಆಗಿತ್ತು.

ನಿಜಾಮರು ನೆರೆಯ ದುಡ್ಡನ್ನು ತಡೆದರು. ಸಿರಿಯಾದಲ್ಲಿ ಬಂಡುಕೋರರ ಹಿಡಿತದಲ್ಲಿದ್ದ ಇದ್ಲಿಬ್‌ನಲ್ಲಿ 2020ರ ಜೂನ್‌ನಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು. ಡಮಾಸ್ಕಸ್‌ನ ಪೌಂಡ್ ಕುಸಿದು, ಒಂದು ಡಾಲರಿಗೆ ಸುಮಾರು 3,000 ಪೌಂಡ್ ಆಗಿತ್ತು. ಬಂಡುಕೋರರ ಆಡಳಿತ ನೆರೆಯ ತುರ್ಕಿಯ ಲೀರಾವನ್ನೇ ಬಳಕೆಗೆ ತಂದಿತು. ಕೂಲಿ, ರೊಟ್ಟಿ, ಇಂಧನ ಎಲ್ಲಕ್ಕೂ ಲೀರಾ. ನೆಮ್ಮದಿ ಬಹಳ ಕಾಲ ಉಳಿಯಲಿಲ್ಲ. 2021ರಲ್ಲಿ ಆ ಲೀರಾವೇ ಡಾಲರ್ ಎದುರು ಶೇ 40ಕ್ಕೂ ಹೆಚ್ಚು ಬೆಲೆ ಕಳೆದುಕೊಂಡಿತು. ಅಂಕಾರಾದಲ್ಲಿ ಬಡ್ಡಿ ದರ ಇಳಿಸುವ ತೀರ್ಮಾನಕ್ಕೆ ಇದ್ಲಿಬ್‌ನ ಡೇರೆಯಲ್ಲಿದ್ದ ಕೂಲಿಯವನು ಬೆಲೆ ತೆತ್ತ. ಆ ತೀರ್ಮಾನದಲ್ಲಿ ಅವನ ಮಾತಿಗೆ ಜಾಗವೇ ಇರಲಿಲ್ಲ.

ಹಾಗಾದರೆ ಕುಸಿದ ಪೌಂಡ್‌ನಲ್ಲೇ ಇರಬೇಕಿತ್ತೇ? ಖಂಡಿತ ಇಲ್ಲ. ಹಸಿದವರ ಕೈಗೆ ಬೆಲೆಯಿಲ್ಲದ ಕಾಗದ ಕೊಟ್ಟು ದೇಶಾಭಿಮಾನ ಕೇಳುವುದು ಕ್ರೌರ್ಯ. ಆದರೆ ದುಡ್ಡು ಬದಲಿಸುವವರನ್ನು ಅಳೆಯಬೇಕಾದದ್ದು ನೋಟಿನ ಮೇಲಿನ ಚಿತ್ರದಿಂದಲ್ಲ. ಯಾವ ದರ ಕೊಟ್ಟರು, ಎಷ್ಟು ಕಾಲ ಕೊಟ್ಟರು, ಮುದುಕಿಯ ಗಂಟಿನಲ್ಲಿದ್ದ ಹಳೆಯ ನಾಣ್ಯ ಏನಾಯಿತು ಎಂದು ಕೇಳಬೇಕು.

ಈ ಪ್ರಶ್ನೆಗಳಿಗೆ ನಮ್ಮ ಭಾಗದ ಚರಿತ್ರೆ ಒಳ್ಳೆಯ ಉತ್ತರ ಕೊಟ್ಟಿದೆ. 1948ರ ಸೆಪ್ಟೆಂಬರ್ 17ರಂದು ನಿಜಾಮರು ಕದನ ವಿರಾಮ ಸಾರಿದರು. ಗೆದ್ದ ಸರ್ಕಾರ ಮರುದಿನವೇ ಹಾಲಿಯನ್ನು ರದ್ದಿ ಎನ್ನಲಿಲ್ಲ. 1950ರಲ್ಲಿ ಭಾರತದ ರೂಪಾಯಿ ಅದರ ಪಕ್ಕಕ್ಕೆ ಬಂತು: ಏಳು ಹಾಲಿಗೆ ಆರು ರೂಪಾಯಿ. ಲೆಕ್ಕ ಹಾಕಿ ನೋಡಿದರೆ ಇದು ಹಳೆಯ ಕಲ್ದಾರದ ದರವೇ. ಸೋತವರ ದುಡ್ಡೆಂದು ಬೆಲೆ ಇಳಿಸಲಿಲ್ಲ. 1951ರಲ್ಲಿ ಹೊಸದಾಗಿ ಅಚ್ಚು ಹಾಕುವುದು ನಿಂತಿತು. 1956ರಲ್ಲಿ ಹೈದರಾಬಾದ್ ರಾಜ್ಯವೇ ಮೂರು ಪಾಲಾಯಿತು, ಸೇಡಂ ಮೈಸೂರಿಗೆ ಬಂತು, ಪಕ್ಕದ ತಾಂಡೂರು, ಕೊಡಂಗಲ್ ಆಂಧ್ರಕ್ಕೆ ಹೋದವು. ಸಿಕ್ಕಾದ ಲೆಕ್ಕ ಪೂರ್ತಿ ಮುಗಿದದ್ದು 1959ರಲ್ಲಿ.

ಪ್ರತಿ ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದಲ್ಲಿ ಸರ್ದಾರ್ ಪಟೇಲರ ದಿಟ್ಟತನ, ರಜಾಕಾರರ ಕ್ರೌರ್ಯ, ಶಿಬಿರಗಳ ಸಾಹಸ ನೆನಪಾಗುತ್ತವೆ, ಆಗಲೇಬೇಕು. ಈ ದುಡ್ಡಿನ ಕಥೆಯೂ ಅಲ್ಲಿ ಬರಬೇಕು, ಶಾಲೆಯ ಪಾಠದಲ್ಲೂ ಬರಬೇಕು. ಹಾಲಿ–ಕಲ್ದಾರದ ಲೆಕ್ಕ ಬಾಯಿಪಾಠ ಇದ್ದ ತಲೆಮಾರಿನ ಕೆಲವರು ಇನ್ನೂ ನಮ್ಮ ಊರುಗಳಲ್ಲಿದ್ದಾರೆ. ಕಲಬುರಗಿಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಅವರ ಮಾತನ್ನು ಈ ವರ್ಷವೇ ದಾಖಲಿಸಿಕೊಳ್ಳಲಿ.