ಕಾವಲು ನಾಯಿಗೂ ನೆರಳು ಬೇಕು



ಬೇಸಿಗೆ ಬಂತೆಂದರೆ ಎತ್ತುಗಳನ್ನು ಮಧ್ಯಾಹ್ನ ನೆರಳಿಗೆ ಕಟ್ಟುತ್ತೇವೆ. ಎಮ್ಮೆಯ ಮೈಮೇಲೆ ನೀರು ಹೊಯ್ಯುತ್ತೇವೆ. ರಾತ್ರಿಯೆಲ್ಲ ಕಣ, ಕುರಿಹಟ್ಟಿ ಕಾದ ನಾಯಿಯನ್ನು ಮಾತ್ರ ಹಗಲು ಕಂಬಕ್ಕೆ ಬಿಗಿದು ಮರೆಯುತ್ತೇವೆ. ಬೆಳಿಗ್ಗೆ ಅಲ್ಲಿದ್ದ ನೆರಳು ಮಧ್ಯಾಹ್ನಕ್ಕೆ ಸರಿದಿರುತ್ತದೆ, ಸರಪಳಿ ಸರಿಯುವುದಿಲ್ಲ.

ಅದು ಜೊಲ್ಲು ಸುರಿಸಿ ತೂರಾಡಿದರೆ, ಬಿಸಿಲಿಗೆ ಹುಚ್ಚು ಹಿಡಿಯಿತೆಂದು ಬಡಿಗೆ ಹುಡುಕುವವರಿದ್ದಾರೆ. ಇದು ತಪ್ಪು ತಿಳಿವಳಿಕೆ. ಹುಚ್ಚುನಾಯಿ ರೋಗ ಬಿಸಿಲಿನಿಂದ ಬರುವುದಲ್ಲ. ರೋಗ ತಗುಲಿದ ಪ್ರಾಣಿ ಕಚ್ಚಿದರೆ ಬರುತ್ತದೆ, ಅದೂ ಯಾವ ಕಾಲದಲ್ಲಾದರೂ. ಸುಡು ಬಿಸಿಲಲ್ಲಿ ಕಟ್ಟಿದ ನಾಯಿ ತೂರಾಡಿದರೆ ಬಿಸಿಲು ಬಡಿದಿರಬಹುದೆಂದು ಮೊದಲು ಯೋಚಿಸಿ.

ನಮ್ಮಂತೆ ನಾಯಿಗೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಲ್ಲಿ ಮಾತ್ರ ತುಸು ಬೆವರು. ನಾಲಗೆ ಚಾಚಿ ತೇಕಿಯೇ ಅದು ಮೈ ತಣಿಸಿಕೊಳ್ಳಬೇಕು. ಆರೋಗ್ಯವಂತ ನಾಯಿಯ ಮೈಶಾಖ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 106 ದಾಟಿದರೆ ಜೀವಕ್ಕೇ ಅಪಾಯ.

ಹಗಲು ಸಾಧ್ಯವಾದಷ್ಟು ಸರಪಳಿ ಬಿಚ್ಚಿಬಿಡಿ. ತಂಪು ಜಾಗವನ್ನು ಅದೇ ಹುಡುಕಿಕೊಳ್ಳುತ್ತದೆ. ಕಟ್ಟಲೇಬೇಕಾದರೆ ತಗಡಿನ ಕೆಳಗೆ ಬೇಡ. ಬೇವು, ಹೊಂಗೆಯ ದಟ್ಟ ನೆರಳಿಗೆ ಕಟ್ಟಿ. ಮಣ್ಣಿನ ಬಾನಿಯನ್ನು ಉರುಳದಂತೆ ಅರ್ಧ ಹೂತಿಟ್ಟು, ದಿನಕ್ಕೆ ಎರಡು ಮೂರು ಸಲ ನೀರು ಬದಲಿಸಿ. ನಡುಹಗಲು ಡಾಂಬರು ರಸ್ತೆಯಲ್ಲಿ ಗಾಡಿಯ ಹಿಂದೆ ಓಡಿಸಬೇಡಿ, ಅಂಗಾಲು ಸುಡುತ್ತದೆ.

ಬಿಸಿಲು ಬಡಿದರೆ ತಡಮಾಡದೆ ನೆರಳಿಗೆ ತಂದು ಮೈಗೆಲ್ಲ ತಣ್ಣೀರು ಹೊಯ್ಯಿರಿ, ಮೊರದಿಂದ ಗಾಳಿ ಬೀಸಿ. ಒದ್ದೆ ಗೋಣಿ ಹೊದಿಸಿದರೆ ಕಾವು ಒಳಗೇ ಉಳಿಯುತ್ತದೆ. ನೀರನ್ನು ಮುಂದಿಡಿ, ಬಲವಂತದಿಂದ ಬಾಯಿಗೆ ಹೊಯ್ಯಬೇಡಿ. ಚೇತರಿಸಿದಂತೆ ಕಂಡರೂ ಪಶುವೈದ್ಯರಿಗೆ ತೋರಿಸಿ. ಒಳಗಿನ ಅಂಗಗಳಿಗೆ ಆದ ಹಾನಿ ಹೊರಗೆ ಕಾಣುವುದಿಲ್ಲ.

ಒಂದು ಎಚ್ಚರಿಕೆ. ಲಸಿಕೆ ಹಾಕಿಸದ ನಾಯಿಯಾದರೆ, ಇಲ್ಲವೆ ಬೇರೆ ನಾಯಿ ಅದನ್ನು ಕಚ್ಚಿದ್ದರೆ ಮುಟ್ಟಬೇಡಿ, ಜೊಲ್ಲೂ ತಾಗದಿರಲಿ. ದೂರದಿಂದ ನೀರೆರಚಿ ವೈದ್ಯರನ್ನು ಕರೆಸಿ. ಕಚ್ಚಿಸಿಕೊಂಡವರು ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಈ ಅನುಮಾನವೇ ಬೇಡವೆಂದರೆ ವರ್ಷಕ್ಕೊಮ್ಮೆ ನಾಯಿಗೆ ಲಸಿಕೆ ಹಾಕಿಸಿ.

ಎತ್ತಿಗೆ ನೀರು ಕುಡಿಸಿ ಮರಳುವಾಗ ನಾಯಿಯ ಬಾನಿಗೂ ಒಂದು ಬಿಂದಿಗೆ ಹೊಯ್ಯಿರಿ. ಹಾಗೆಯೇ ನೆರಳು ಎಲ್ಲಿಗೆ ಸರಿದಿದೆ ಎಂದೊಮ್ಮೆ ನೋಡಿ.